ಹೊಸ ಮನೆಯ ಮೊದಲ ನಕ್ಷತ್ರ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದು ಹಿರಿಯರು ಹೇಳಿದ ಮಾತಿಗೆ ಮೂರನೆಯದೊಂದನ್ನು ಸೇರಿಸಬಹುದು: ಹೊಸ ಮನೆಯಲ್ಲಿ ಮೊದಲ ಹಬ್ಬ ಮಾಡಿ ನೋಡು. ಮದುವೆಯ ಲೆಕ್ಕ ಇನ್ನೂ ಮುಗಿದಿರುವುದಿಲ್ಲ. ಬಾಡಿಗೆಯ ಮುಂಗಡ ಕೊಟ್ಟು ಕೈ ಬರಿದಾಗಿರುತ್ತದೆ. ಪಾತ್ರೆ ಪಡಗಗಳೇ ಪೂರ್ತಿ ಒದಗಿರುವುದಿಲ್ಲ. ಅಷ್ಟರಲ್ಲಿ ಹಬ್ಬ ಬಾಗಿಲಿಗೆ ಬಂದು ನಿಲ್ಲುತ್ತದೆ. ತವರಿನಲ್ಲಿದ್ದಾಗ ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯನ್ನು ಇಳಿಸಿ ಧೂಳು ಝಾಡಿಸಿದರೆ ಹಬ್ಬದ ಅರ್ಧ ಸಿದ್ಧತೆ ಮುಗಿದಂತೆಯೇ ಇತ್ತು. ಅದರೊಳಗೆ ಏನೇನಿದೆ, ಯಾವುದನ್ನು ಯಾವಾಗ ಯಾರು ತಂದರು ಎಂಬ ವಿಚಾರ ಯಾರ ತಲೆಗೂ ಬರುತ್ತಿರಲಿಲ್ಲ. ಹೊಸ ಮನೆಯಲ್ಲಿ ಅಟ್ಟವಿದ್ದೀತು, ಆದರೆ ಅದರ ಮೇಲೆ ಪೆಟ್ಟಿಗೆಯಿಲ್ಲ.

ಈ ಕಷ್ಟ ಎಲ್ಲ ಮತದವರಿಗೂ ಒಂದೇ. ಆದರೂ ಕ್ರಿಸ್ಮಸ್ ಹಬ್ಬವನ್ನು ಆಚರಿಸುವ ಎಳೆಯ ಸಂಸಾರಕ್ಕೆ ಇದು ತುಸು ಹೆಚ್ಚಾಗಿಯೇ ತಟ್ಟುತ್ತದೆ. ಯುಗಾದಿಗೆ ಬೇವು ಮಾವು ಬೇಲಿಯಲ್ಲಿ ಸಿಕ್ಕುತ್ತವೆ. ಕ್ರಿಸ್ಮಸ್ಸಿನ ಅಲಂಕಾರವಾದರೋ ಅಂಗಡಿಯಿಂದಲೇ ಬರತಕ್ಕದ್ದೆಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಪ್ಲಾಸ್ಟಿಕ್ಕಿನ ಹಸುರು ಮರ, ಅದಕ್ಕೆ ತೂಗುವ ಹೊಳೆಯುವ ಗುಂಡುಗಳು, ಹತ್ತಿಯ ಹಿಮ, ಪ್ಲಾಸ್ಟರಿನ ಬೊಂಬೆಗಳು ಇವೆಲ್ಲ ಇಲ್ಲದೆ ಹಬ್ಬವಾದೀತೆ ಎಂದು ಕೇಳುವವರುಂಟು. ಹಣವಿಲ್ಲದಿದ್ದರೆ ಕಂತಿನ ಸಾಲವಿದೆ. ಕೈಯಲ್ಲಿರುವ ಫೋನೇ ಈಗ ಅಂಗಡಿಯೂ ಹೌದು, ಸಾಹುಕಾರನೂ ಹೌದು. ಹೀಗೆ ಒಂದು ವಾರದ ಬೆಳಕಿಗಾಗಿ ಆರು ತಿಂಗಳ ಸಂಬಳದಲ್ಲಿ ತೂತು ಬೀಳುತ್ತದೆ.

ರಾಯಚೂರು ಜಿಲ್ಲೆಯ ಎರೆಯ ನೆಲದಲ್ಲಿ ಕ್ರಿಸ್ಮಸ್ಸಿನ ಮಾತೇನು ಎಂದು ವಾಚಕರಲ್ಲಿ ಕೆಲವರಿಗೆ ಅನ್ನಿಸಬಹುದು. ಲಿಂಗಸುಗೂರು ತಾಲ್ಲೂಕಿನ ಮುದಗಲ್ಲನ್ನು ನಾವು ಕೋಟೆಯಿಂದಲೂ ಮೊಹರಮ್ಮಿನಿಂದಲೂ ಬಲ್ಲೆವು. ಆ ಊರಿನಲ್ಲಿ 1557ಕ್ಕೂ ಮೊದಲೇ ಕಟ್ಟಿದ ಕ್ಯಾಥೊಲಿಕ್ ಚರ್ಚು ಇದೆಯೆಂದೂ ಅದಕ್ಕೆ ಬಿಜಾಪುರದ ಅರಸರ ದತ್ತಿಯಿತ್ತೆಂದೂ ಬ್ರಿಟಿಷರ ಕಾಲದ ಇಂಪೀರಿಯಲ್ ಗ್ಯಾಸೆಟಿಯರು ದಾಖಲೆ ಮಾಡಿದೆ. ಹೊಳೆಯಾಚೆಯ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ನೆಲೆಸಿ ಬೈಬಲನ್ನು ಕನ್ನಡಕ್ಕೆ ತರುವ ಕೆಲಸಕ್ಕೆ ಕೈಹಾಕಿದರು. ಹೀಗೆ ಈ ಹಬ್ಬ ಈ ಸೀಮೆಗೆ ನಿನ್ನೆ ಮೊನ್ನೆ ಬಂದ ಅತಿಥಿಯಲ್ಲ. ಜಗತ್ತಿನ ಬಹುಪಾಲು ಮನೆಗಳಲ್ಲಿ ಕ್ರಿಸ್ಮಸ್ ಮರವೆಂಬುದೇ ಇಲ್ಲದಿದ್ದ ಕಾಲದಿಂದ ಇಲ್ಲಿ ನಡೆದುಬಂದಿದೆ.

ಇಂಥ ಒಂದು ಹೊಸ ಸಂಸಾರವನ್ನು ನಾವು ಕಲ್ಪಿಸಿಕೊಳ್ಳೋಣ. ಸಿಂಧನೂರು ತಾಲ್ಲೂಕಿನಲ್ಲಿ, ತುಂಗಭದ್ರೆಯ ದಂಡೆಯ ಮುಕ್ಕುಂದದಲ್ಲಿ, ಎರಡು ಕೋಣೆಯ ಬಾಡಿಗೆ ಮನೆ. ಗಂಡ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವವನು. ಹೆಂಡತಿ ಮುದಗಲ್ಲಿನ ಹಳೆಯ ಮನೆತನದ ಹುಡುಗಿ. ಹಬ್ಬಕ್ಕೆಂದು ಇವರು ತೆಗೆದಿಡಬಲ್ಲ ಹಣ ಒಂದು ಸಾವಿರ ರೂಪಾಯಿ. ಅದರಲ್ಲಿ ಅರ್ಧವನ್ನು ಮೊದಲೇ ಬೇರೆ ಇಡಬೇಕು: ಹಾಡುತ್ತ ಮನೆಮನೆಗೆ ಬರುವ ಹುಡುಗರ ಕೈಗೆ ಏನಾದರೂ ಕೊಡಬೇಕು, ನೆರೆಯವರ ಮನೆಗೆ ಒಂದು ತಟ್ಟೆ ಸಿಹಿ ಹೋಗಬೇಕು. ಉಳಿದ ಐನೂರರಲ್ಲಿ ಮನೆ ಹಬ್ಬದ ಮನೆಯಾಗಬೇಕು. ಹುಡುಗಿಗೆ ಒಳಗೊಳಗೇ ಇರುವ ಅಳುಕು ಹಣದ್ದಲ್ಲ. ಹಾಡುವವರು ಬಂದು ನಿಂತಾಗ, ತವರಿನವರು ಎರಡನೆಯ ದಿನ ಬಂದಾಗ, ‘ಮಗಳ ಮನೆ ಬರಿದಾಗಿದೆ’ ಎಂದುಕೊಂಡಾರಲ್ಲಾ ಎಂಬುದು. ಈ ಅಳುಕನ್ನು ಹಗುರವಾಗಿ ಕಾಣಬಾರದು. ಬಡತನಕ್ಕಿಂತ ಬಡತನ ಕಂಡೀತೆಂಬ ಭಯವೇ ಅನೇಕ ಸಂಸಾರಗಳನ್ನು ಸಾಲಕ್ಕೆ ದೂಡಿದೆ.

ಇವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ‘ಏನನ್ನು ಕೊಳ್ಳೋಣ’ ಎಂಬುದಲ್ಲ, ‘ಯಾವುದನ್ನು ಕೊಳ್ಳಬೇಕಾಗಿಲ್ಲ’ ಎಂಬುದು. ಕ್ರಿಸ್ತನ ಜನನದ ಕಥೆಯಲ್ಲಿ ಬರುವ ಸಾಮಗ್ರಿ ಬಹಳ ಸ್ವಲ್ಪ. ಮತ್ತಾಯನು ಒಂದು ನಕ್ಷತ್ರವನ್ನು ಹೇಳಿದ್ದಾನೆ. ಲೂಕನು ಒಂದು ಗೋದಲಿಯನ್ನು ಹೇಳಿದ್ದಾನೆ. ಛತ್ರದಲ್ಲಿ ಸ್ಥಳ ಸಿಕ್ಕದ ದಂಪತಿಗಳ ಕಥೆಯಿದು. ಬಾಡಿಗೆ ಮನೆ ಹುಡುಕಿ ಅಲೆದವರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೋದಲಿ ಎಂಬ ಮಾತನ್ನೇ ನೋಡಿ. ಕನ್ನಡ ಬೈಬಲು ಕೂಸನ್ನು ಮಲಗಿಸಿದ್ದು ಗೋದಲಿಯಲ್ಲಿ. ನಮ್ಮ ರೈತ ಎತ್ತಿಗೆ ಮೇವು ಹಾಕುವುದು ‘ಗ್ವಾದಲಿ’ಯಲ್ಲಿ. ಎರಡೂ ಒಂದೇ. ದನದ ಕೊಟ್ಟಿಗೆಯನ್ನು ಕಂಡರಿಯದ ಪಟ್ಟಣಿಗರು ಅದರ ಪ್ರತಿಕೃತಿಯನ್ನು ಹಣ ಕೊಟ್ಟು ತರಬೇಕಾದೀತು. ಮುಕ್ಕುಂದದವರಿಗೆ ಆ ಪ್ರಾರಬ್ಧವಿಲ್ಲ.

ಗೋದಲಿಯನ್ನು ಹೂಡಿ ತೋರಿಸುವ ಸಂಪ್ರದಾಯಕ್ಕೆ ಪ್ರಸಿದ್ಧಿ ತಂದವನು ಅಸಿಸಿಯ ಸಂತ ಫ್ರಾನ್ಸಿಸ್. 1223ರಲ್ಲಿ ಇಟಲಿಯ ಗ್ರೆಚೊ ಎಂಬ ಬೆಟ್ಟದೂರಿನಲ್ಲಿ ಅವನು ಏರ್ಪಡಿಸಿದ್ದು ಒಂದು ಮೇವಿನ ತೊಟ್ಟಿ, ಒಂದಿಷ್ಟು ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ, ಇಷ್ಟೇ. ಆ ಕೂಸು ಎಷ್ಟು ಬಡತನದಲ್ಲಿ ಹುಟ್ಟಿತೆಂಬುದನ್ನು ಜನ ಕಣ್ಣಾರೆ ಕಾಣಲಿ ಎಂಬುದೇ ಅವನ ಉದ್ದೇಶವಾಗಿತ್ತು. ಬಡತನವನ್ನು ತೋರಿಸಲೆಂದು ಹುಟ್ಟಿದ ಅಲಂಕಾರವನ್ನು ನಾವು ಸಿರಿಯನ್ನು ತೋರಿಸಲು ಬಳಸುತ್ತಿದ್ದೇವೆ ಎಂದರೆ ಕಠಿಣವಾದೀತು, ಆದರೆ ಸುಳ್ಳಾಗದು.

ಗೋದಲಿಗೆ ಬೇಕಾದದ್ದೆಲ್ಲ ಈ ನೆಲ ಕೊಡುತ್ತದೆ. ತುಂಗಭದ್ರೆಯ ಅಣೆಕಟ್ಟು 1953ರಲ್ಲಿ ಮುಗಿದು ಎಡದಂಡೆಯ ನಾಲೆಯಲ್ಲಿ ನೀರು ಹರಿದ ಮೇಲೆ ಸಿಂಧನೂರಿನ ಸೀಮೆ ಭತ್ತದ ಸೀಮೆಯಾಯಿತು. ಮುಂಗಾರಿನ ಭತ್ತದ ಕೊಯ್ಲು ಮುಗಿಯುವ ಹೊತ್ತಿಗೆ ಡಿಸೆಂಬರು ಬಂದಿರುತ್ತದೆ, ಹುಲ್ಲಿಗೆ ಕೊರತೆಯೆಂಬುದಿಲ್ಲ. ಜೋಳದ ದಂಟನ್ನು ಕತ್ತರಿಸಿ ಕಟ್ಟಿದರೆ ಗುಡಿಸಲಿನ ಗೋಡೆಯಾಯಿತು, ಮೇಲೆ ಹುಲ್ಲು ಹೊದಿಸಿದರೆ ಮಾಡಾಯಿತು. ಇನ್ನು ಬೊಂಬೆಗಳು. ಜ್ಯೇಷ್ಠ ಮಾಸದ ಮಣ್ಣೆತ್ತಿನ ಅಮಾವಾಸ್ಯೆಗೆ ಕಪ್ಪು ಮಣ್ಣನ್ನು ಕಲಸಿ ಜೋಡೆತ್ತು ಮಾಡದ ಹುಡುಗ ಈ ಕಡೆ ಇದ್ದಾನೆಯೆ? ಜೂನಿನಲ್ಲಿ ಎತ್ತನ್ನು ಮಾಡಿದ ಕೈಗೆ ಡಿಸೆಂಬರಿನಲ್ಲಿ ಎತ್ತನ್ನು ಮಾಡುವುದು ಮರೆತುಹೋಗಿರುವುದಿಲ್ಲ. ಕುರುಬರ ಕಂಬಳಿಯ ಹರಕೊಂದನ್ನು ಹೊದ್ದ ಮಣ್ಣಿನ ಕುರಿಗಾಹಿ, ಬೆತ್ಲೆಹೇಮಿನ ಹೊಲದಿಂದ ಬಂದವನಂತೆಯೇ ಕಾಣುತ್ತಾನೆ. ಮಸ್ಕಿಯ ಗುಡ್ಡದಿಂದ ಇಳಿದು ಬಂದವನಂತೆಯೂ ಕಾಣುತ್ತಾನೆ.

ಗೋದಲಿಯ ಮುಂದೆ ಹಸುರು ಬೇಕು. ಡಿಸೆಂಬರ್ 13ರಂದು ಬರುವ ಸಂತ ಲೂಸಿಯ ದಿನ ತಟ್ಟೆಯಲ್ಲಿ ಗೋಧಿಯನ್ನು ಬಿತ್ತಿ, ಕ್ರಿಸ್ಮಸ್ಸಿಗೆ ಬೆಳೆದ ಸಸಿಯನ್ನು ಮನೆಯಲ್ಲಿಡುವ ಪದ್ಧತಿ ಹಂಗೇರಿ, ಕ್ರೊಯೇಷಿಯಾ ದೇಶಗಳಲ್ಲಿದೆ. ನವರಾತ್ರಿಯಲ್ಲಿ ಘಟ್ಟ ಹಾಕಿ, ಮಣ್ಣಿನಲ್ಲಿ ಧಾನ್ಯ ಬಿತ್ತಿ, ದಿನದಿನವೂ ಮೊಳಕೆಯನ್ನು ನೋಡುವ ನಮ್ಮವರಿಗೆ ಇದು ಪರಕೀಯವಾಗಿ ತೋರದು. ಕುಂಬಾರನ ಮಣ್ಣಿನ ತಟ್ಟೆಯಲ್ಲಿ ಒಂದು ಹಿಡಿ ಗೋಧಿಯನ್ನೋ ಜೋಳವನ್ನೋ ಹನ್ನೆರಡು ದಿನ ಮೊದಲು ಬಿತ್ತಿ ನೀರು ಚಿಮುಕಿಸುತ್ತಿದ್ದರೆ, ಹಬ್ಬದ ರಾತ್ರಿ ಗೇಣುದ್ದದ ಹೊಲವೇ ಸಿದ್ಧವಾಗಿರುತ್ತದೆ. ಮರವೇ ಬೇಕೆಂದರೆ ಜಾಲಿಯ ಒಂದು ಒಣಕೊಂಬೆ ಸಾಕು. ಅದರ ಬಿಳಿಮುಳ್ಳುಗಳಿಗೆ ಜೋಳದ ಅರಳನ್ನು ಒಂದೊಂದಾಗಿ ಸಿಕ್ಕಿಸಿದರೆ ಬಂದ ಮಕ್ಕಳು ಕಣ್ಣರಳಿಸಿ ನೋಡಿಯಾರು. ನಾವು ದುಡ್ಡು ಕೊಟ್ಟು ತರುವ ಹೊಳೆಯುವ ಗುಂಡುಗಳ ಮೂಲವೂ ಇಂಥದೇ ಎನ್ನುತ್ತಾರೆ: ಜರ್ಮನಿಯ ಲೌಶಾ ಎಂಬ ಊರಿನ ಬಡ ಗಾಜುಗಾರನೊಬ್ಬ, ಮರಕ್ಕೆ ಕಟ್ಟಲು ಸೇಬು ಅಕ್ರೋಟುಗಳನ್ನು ಕೊಳ್ಳಲಾರದೆ, ತನ್ನ ಕುಲುಮೆಯಲ್ಲಿ ಗಾಜಿನ ಹಣ್ಣುಗಳನ್ನು ಊದಿದನಂತೆ. ಕಥೆ ನಿಜವೋ ಅಲ್ಲವೋ, ಹತ್ತೊಂಬತ್ತನೆಯ ಶತಮಾನದಲ್ಲಿ ಆ ಗುಂಡುಗಳು ಲೋಕಕ್ಕೆಲ್ಲ ಹೊರಟದ್ದು ಆ ಊರಿನಿಂದಲೇ.

ಇನ್ನು ನಕ್ಷತ್ರ. ಇದಕ್ಕೂ ಒಂದು ಸೊಗಸಾದ ಚರಿತ್ರೆಯಿದೆ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಜರ್ಮನಿಯ ನೀಸ್ಕಿ ಎಂಬಲ್ಲಿ ಮೊರಾವಿಯನ್ ಸಭೆಯವರ ಶಾಲೆಯಲ್ಲಿ, ಜ್ಯಾಮಿತಿಯ ಪಾಠಕ್ಕೆಂದು ಕಾಗದದ ನಕ್ಷತ್ರವನ್ನು ಮಾಡಿಸಿದರು. ತಂದೆತಾಯಿಗಳು ದೂರದೇಶದ ಮಿಷನ್ನುಗಳಲ್ಲಿದ್ದು ತಾವು ವಸತಿಶಾಲೆಯಲ್ಲಿ ಬೆಳೆಯುತ್ತಿದ್ದ ಮಕ್ಕಳು, ಆ ನಕ್ಷತ್ರಗಳನ್ನು ತಮ್ಮ ಕೋಣೆಗಳಲ್ಲಿ ತೂಗಿದರು. ಮನೆಯಿಂದ ದೂರವಿದ್ದವರು ಇರುವ ಜಾಗವನ್ನೇ ಮನೆ ಮಾಡಿಕೊಳ್ಳಲು ಕಂಡುಕೊಂಡ ಉಪಾಯವದು. ಮಾರುವುದಕ್ಕೆಂದು ಕಾರ್ಖಾನೆ ಆದದ್ದು ಆಮೇಲೆ, 1897ರಲ್ಲಿ.

ನಮ್ಮಲ್ಲಿ ನಕ್ಷತ್ರ ಕಟ್ಟುವ ವಿದ್ಯೆ ದೀಪಾವಳಿಯ ಆಕಾಶಬುಟ್ಟಿಯಲ್ಲಿ ಮೊದಲೇ ಇದೆ. ಮೇದಾರರಲ್ಲಿ ಬಿದಿರಿನ ಸೀಳು ಸಿಕ್ಕುತ್ತದೆ. ಒಂದೇ ಉದ್ದದ ಹತ್ತು ಕಡ್ಡಿಗಳು, ಗೇಣಿನಷ್ಟರ ಐದು ತುಂಡುಗಳು, ಒಂದು ಉಂಡೆ ದಾರ. ಐದೈದು ಕಡ್ಡಿಗಳಿಂದ ಐದು ಮೂಲೆಯ ಎರಡು ಚಿಕ್ಕಿಗಳನ್ನು ಕಟ್ಟಿ, ಒಂದರ ಮೇಲೊಂದಿಟ್ಟು ತುದಿಗಳನ್ನು ಬಿಗಿಯಬೇಕು. ಒಳಗಿನ ಐದು ಸಂಧಿಗಳಲ್ಲಿ ಗಿಡ್ಡ ತುಂಡುಗಳನ್ನು ಅಡ್ಡಲಾಗಿ ತೂರಿಸಿದರೆ ಚಿಕ್ಕಿ ಉಬ್ಬಿ ನಿಲ್ಲುತ್ತದೆ. ಗಾಳಿಪಟದ ಕಾಗದ, ಮೈದಾಹಿಟ್ಟಿನ ಅಂಟು. ಬೆನ್ನಿಗೆ ಒಂದು ಪಟ್ಟಿಯನ್ನು ಅಂಟಿಸದೆ ಬಿಟ್ಟರೆ ದೀಪ ಇಡಲು ಕಿಂಡಿ. ಕಾಯದ ಎಲ್‌ಇಡಿ ಬಲ್ಬನ್ನೇ ಹಾಕಬೇಕು. ಒಣಹುಲ್ಲಿನ ಗೋದಲಿಯ ಬಳಿ ಮೇಣದಬತ್ತಿ ಹಚ್ಚುವುದಂತೂ ಸಲ್ಲದು. ಉಳಿದ ಕಾಗದದ ಚೂರುಗಳನ್ನು ತ್ರಿಕೋನವಾಗಿ ಕತ್ತರಿಸಿ ದಾರಕ್ಕೆ ಅಂಟಿಸಿದರೆ ಬಾಗಿಲಿಗೆ ಪರಪರಿಯೂ ಆಯಿತು.

ಇಂಥ ಚಿಕ್ಕಿಯನ್ನು ನಮ್ಮ ಹುಡುಗಿ ಬಾಗಿಲಿಗೆ ತೂಗಿದ ಸಂಜೆ ಪಕ್ಕದ ಮನೆಯ ಹಿರಿಯಾಕೆ ಕೇಳದೆ ಇರುವುದಿಲ್ಲ:

“ದೀಪಾವಳಿ ಮುಗದು ತಿಂಗಳ ಮ್ಯಾಲಾತು, ಈಗ್ಯಾಕ ಆಕಾಶಬುಟ್ಟಿ ಹಾಕೀಯವ್ವಾ?”

“ಇದು ಚಿಕ್ಕಿರೀ ಅಕ್ಕಾರ, ನಮ್ಮ ಸ್ವಾಮಿ ಹುಟ್ಟಿದ ಹಬ್ಬಕ್ಕ. ನಾಡದು ಊಟಕ್ಕ ಬರಬೇಕ್ರಿ.”

ನಕ್ಷತ್ರದ ಕೆಲಸ ಅಷ್ಟೇ. ಅಂದು ದೂರದ ಜ್ಞಾನಿಗಳಿಗೆ ದಾರಿ ತೋರಿತು. ಇಂದು ನೆರೆಯಾಕೆಯನ್ನು ಹೊಸಿಲಿಗೆ ಕರೆತಂದರೆ ಅದು ಸಾರ್ಥಕವಾಯಿತು. ಅದಕ್ಕೆ ಎಷ್ಟು ಕೊಟ್ಟಿರಿ ಎಂದು ಕೇಳುವವರು ಯಾರು?

ಹಾಗಾದರೆ ಕೊಳ್ಳಬೇಕಾದದ್ದು ಏನೂ ಇಲ್ಲವೇ? ಇದೆ. ಕಾಗದ, ದಾರ, ಬಲ್ಬು, ಒಂದು ಸರಮಾಲೆ ದೀಪ. ದೀಪಗಳನ್ನು ಡಿಸೆಂಬರಿನ ಮೂರನೆಯ ವಾರದಲ್ಲಿ ಕೊಳ್ಳುವುದು ಜಾಣತನವಲ್ಲ. ದೀಪಾವಳಿ ಮುಗಿದ ವಾರ ಅಂಗಡಿಯವನೇ ಉಳಿದದ್ದನ್ನು ಸಾಗಿಸಲು ಕಾತರನಾಗಿರುತ್ತಾನೆ. ಆಗ ಕೇಳಿದರೆ ಚೌಕಾಶಿಗೆ ಎಡೆಯುಂಟು. ಕೊಳ್ಳುವ ಮುನ್ನ ಅಂಗಡಿಯಲ್ಲೇ ಹಚ್ಚಿ ನೋಡಬೇಕು. ಇಷ್ಟಕ್ಕೆ ಐನೂರರಲ್ಲಿ ಅರ್ಧವನ್ನು ಮೀರದಂತೆ ನೋಡಿಕೊಂಡರೆ ಮಿಕ್ಕಿದ್ದನ್ನು ಬಾಳುವಂಥ ಒಂದೇ ಒಂದು ವಸ್ತುವಿಗೆ ಮೀಸಲಿಡಬಹುದು. ನೆರೆಯ ಕೊಪ್ಪಳ ಜಿಲ್ಲೆಯ ಕಿನ್ನಾಳದಲ್ಲಿ ಚಿತ್ರಗಾರರು ಹಗುರವಾದ ಮರದಲ್ಲಿ ಬೊಂಬೆ ಕೆತ್ತಿ, ಹುಣಿಸೆಬೀಜದ ಅಂಟಿನಿಂದ ಕೂಡಿಸಿ, ಬಣ್ಣ ಕೊಡುತ್ತಾರೆ. ಅಲ್ಲಿಯ ಒಂದು ಹಸುವನ್ನು ತಂದು ಗೋದಲಿಯ ಬಳಿ ನಿಲ್ಲಿಸಿದರೆ ಅದು ಮೊಮ್ಮಕ್ಕಳ ಕಾಲಕ್ಕೂ ನಿಂತೀತು. ಮೊದಲ ವರ್ಷ ಕೈಗೆಟುಕದಿದ್ದರೆ ಆ ಹಣ ಡಬ್ಬಿಯಲ್ಲಿರಲಿ. ಎರಡನೆಯ ವರ್ಷ ತಂದರಾಯಿತು. ಅಲ್ಲಿಯವರೆಗೆ ಮಣ್ಣಿನ ಹಸು ಕಾವಲಿರುತ್ತದೆ.

ವರ್ಷಕ್ಕೊಂದು ವಸ್ತು, ಅದೂ ಬಾಳುವಂಥದು ಎಂಬ ಈ ನಿಯಮದಲ್ಲಿ ಬರಿಯ ಮಿತವ್ಯಯಕ್ಕಿಂತ ದೊಡ್ಡದೊಂದು ಸಂಗತಿಯಿದೆ. ತವರುಮನೆಯ ಅಟ್ಟದ ಪೆಟ್ಟಿಗೆಯನ್ನು ನಾವು ಆಸೆಯಿಂದ ನೆನೆಯುತ್ತೇವಲ್ಲ, ಅದು ಒಂದೇ ದಿನ ಅಂಗಡಿಯಿಂದ ಬಂದದ್ದಲ್ಲ. ಅದರಲ್ಲಿನ ಒಂದು ಬೊಂಬೆ ಮೊದಲ ಮಗು ಹುಟ್ಟಿದ ವರ್ಷದ್ದು. ಒಂದು ದೀಪ ಬೆಳೆ ಚೆನ್ನಾಗಿ ಬಂದ ವರ್ಷದ್ದು. ಬಣ್ಣ ಹೋದ ದೇವದೂತ ಈಗಿಲ್ಲದ ಅಜ್ಜಿ ತಂದುಕೊಟ್ಟದ್ದು. ಆ ಪೆಟ್ಟಿಗೆಯನ್ನು ತುಂಬಿದ್ದು ಹಣವಲ್ಲ, ಕಾಲ. ಮೊದಲ ವರ್ಷವೇ ಎಲ್ಲವನ್ನೂ ಸಾಲ ಮಾಡಿ ಕೊಳ್ಳುವವರು, ಇನ್ನೂ ಬಾಳದ ವರ್ಷಗಳನ್ನು ಕೊಳ್ಳಲು ಹೊರಟವರು. ಸರಕು ಮನೆಗೆ ಬಂದೀತು, ವರ್ಷಗಳು ಬರಲಾರವು.

ಹೊಸ ಮನೆ ತುಸು ಬರಿದಾಗಿ ಕಂಡರೆ ಅದು ಕುಂದಲ್ಲ, ಅದರ ವಯಸ್ಸು. ಹಬ್ಬ ಕಳೆದ ಮೇಲೆ ಗೋದಲಿಯ ಹುಲ್ಲು ಊರಿನ ಯಾವುದಾದರೂ ಎಮ್ಮೆಗೆ ಮೇವಾಗುತ್ತದೆ, ತಟ್ಟೆಯ ಸಸಿ ಕರುವಿಗೆ ಸಲ್ಲುತ್ತದೆ, ಮಣ್ಣಿನ ಬೊಂಬೆಗಳು ಮಣ್ಣಿಗೆ ಮರಳುತ್ತವೆ. ಕಾಗದ ಕಿತ್ತ ನಕ್ಷತ್ರದ ಬಿದಿರಿನ ಚೌಕಟ್ಟು ಮಾತ್ರ ಒಂದು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಅಟ್ಟ ಏರುತ್ತದೆ. ಬರುವ ವರ್ಷ ಅದನ್ನು ಇಳಿಸುವಾಗ ಈ ಮನೆಗೂ ಇಳಿಸಲು ಒಂದು ಗಂಟಿರುತ್ತದೆ.