ಮೇಲೆ ಬಂದು ಕೂರುವ ‘ಸೂಪರ್‌ಸೀಡ್’

ಮಹದೇವಪುರಕ್ಕೆ ತನ್ನದೇ ನಗರಸಭೆ ಇದ್ದದ್ದು ಈಗ ಎಷ್ಟು ಜನರಿಗೆ ನೆನಪಿದೆಯೋ! 2007ರಲ್ಲಿ ಅದನ್ನೂ ಇನ್ನಾರು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ 110 ಹಳ್ಳಿಗಳನ್ನೂ ಬೆಂಗಳೂರಿಗೆ ಸೇರಿಸಿ ಬಿಬಿಎಂಪಿ ರಚಿಸಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿಯೂ ಹೋಗಿ ಐದು ಪಾಲಿಕೆಗಳು ಬಂದವು. ಮಹದೇವಪುರ ಬೆಂಗಳೂರು ಪೂರ್ವಕ್ಕೆ ಸೇರಿತು. ಹೀಗೆ ಹೊಸದು ಬಂದು ಹಳೆಯದರ ಅಧಿಕಾರವೇ ಇಲ್ಲವಾಗುವುದಕ್ಕೆ ಇಂಗ್ಲಿಷಿನಲ್ಲಿ ‘ಸೂಪರ್‌ಸೀಡ್’ ಎನ್ನುತ್ತಾರೆ. ಸುಟ್ಟ ಬಲ್ಬು ತೆಗೆದು ಬೇರೆ ಹಾಕಿದರೆ ಈ ಮಾತು ಸಲ್ಲದು. ಅಲ್ಲಿ ‘ರಿಪ್ಲೇಸ್’ ಸಾಕು.

ಲ್ಯಾಟಿನ್‌ನಲ್ಲಿ ‘ಸೂಪರ್’ ಎಂದರೆ ಮೇಲೆ, ‘ಸೆಡೆರೆ’ ಎಂದರೆ ಕೂರು. ಆದ್ದರಿಂದಲೇ ಇದರ ನಡುವೆ ‘ಎಸ್’ ಅಕ್ಷರ. ಇಂಗ್ಲಿಷ್ ಬಲ್ಲವರೂ ‘ಸಿ’ ಬರೆದು ಎಡವುತ್ತಾರೆ. ಈ ‘ಸೆಡ್’ ಮತ್ತು ಸಂಸ್ಕೃತದ ‘ಸದ್’ ಒಂದೇ ಬೇರಿನವು. ನಮ್ಮ ಸದನ, ಸದಸ್ಯ, ಪರಿಷತ್ತು ಹುಟ್ಟಿದ್ದು ಅಲ್ಲಿಂದಲೇ. ಪರಿಷತ್ತೆಂದರೆ ಸುತ್ತ ಕೂತವರು. ಸೂಪರ್‌ಸೀಡ್ ಮಾಡುವವನು ಅವರ ಮೇಲೆ ಬಂದು ಕೂರುತ್ತಾನೆ.

ಕಚೇರಿಯಲ್ಲಿ ಕಿರಿಯನಿಗೆ ಬಡ್ತಿ ಸಿಕ್ಕಿ ಹಿರಿಯರು ಅಲ್ಲೇ ಉಳಿದರೆ, ‘ಪಾಪ, ಸೂಪರ್‌ಸೀಡ್ ಆದರು’ ಎನ್ನುತ್ತೇವೆ. ಸರ್ಕಾರ ಚುನಾಯಿತ ಮಂಡಳಿಯನ್ನು ತೆಗೆದು ಆಡಳಿತಾಧಿಕಾರಿಯನ್ನು ಕೂರಿಸಿದರೂ ಅದೇ ಪದ. 2015ರ ಏಪ್ರಿಲ್‌ನಲ್ಲಿ ಬಿಬಿಎಂಪಿಗೆ ಆದದ್ದು ಇದು. 2020ರ ಸೆಪ್ಟೆಂಬರ್‌ನ ಕಥೆ ಬೇರೆ. ಆಗ ಕೌನ್ಸಿಲಿನ ಅವಧಿಯೇ ಮುಗಿದಿತ್ತು, ಹೊಸ ಚುನಾವಣೆ ನಡೆಯಲಿಲ್ಲ. ಯಾರೂ ಯಾರನ್ನೂ ಸೂಪರ್‌ಸೀಡ್ ಮಾಡಲಿಲ್ಲ ಎಂದೇ ಹೇಳಬೇಕು. ಆದರೂ ಬಿಬಿಎಂಪಿ ಇಲ್ಲವಾಗುವ ತನಕ, ಐದು ವರ್ಷ, ಆಡಳಿತಾಧಿಕಾರಿಯದೇ ದರ್ಬಾರು. ಮೋರಿ ಕಟ್ಟಿಕೊಂಡರೆ ಹೇಳಿಕೊಳ್ಳಲು ವಾರ್ಡಿಗೊಬ್ಬ ಕಾರ್ಪೊರೇಟರ್ ಇರಲಿಲ್ಲ.