ಹತ್ತರ ಲೆಕ್ಕ ಮತ್ತು ತಾಯಿಯ ಅರಿವು

ಹೊಟ್ಟೆಯೊಳಗೆ ಕೂಸು ಮಿಸುಕಾಡಿದರೆ ಅದು ಜೀವದ ಗುರುತು ಎಂದು ತಿಳಿಯಲು ಯಾವ ಕಾಲದ ಹೆಂಗಸಿಗೂ ವೈದ್ಯರು ಬೇಕಾಗಿರಲಿಲ್ಲ. ಆದರೂ ಹಳೆಯ ವೈದ್ಯಗ್ರಂಥಗಳು ಅದನ್ನು ದಾಖಲಿಸಿವೆ. ಚರಕಸಂಹಿತೆ ಗರ್ಭದ ಸ್ಪಂದನವನ್ನೂ ಬಸುರಿಯ ಬಯಕೆಯನ್ನೂ ಒಂದೇ ಹಂತಕ್ಕೆ ಸೇರಿಸಿ ವಿವರಿಸುತ್ತದೆ. ಸುಶ್ರುತಸಂಹಿತೆಯಲ್ಲಿ ಸ್ಪಂದನವಿಲ್ಲದಿರುವುದು ಗರ್ಭ ಸತ್ತಿರುವುದರ ಲಕ್ಷಣಗಳಲ್ಲೊಂದು. ಇಂಗ್ಲೆಂಡಿನ 1803ರ ಕಾನೂನು ಗರ್ಭಪಾತಕ್ಕೆ ಕೊಡುವ ಶಿಕ್ಷೆಯನ್ನೂ ಮಗು ಅಲುಗಾಡಿದ ಅನುಭವ ತಾಯಿಗೆ ಆಗುವ ಮುನ್ನ, ಆದ ನಂತರ ಎಂದು ಎರಡಾಗಿ ವಿಂಗಡಿಸಿತ್ತು. ಚಲನೆ ಇದ್ದರೆ ಜೀವ, ಇಲ್ಲದಿದ್ದರೆ ಸಾವು ಎಂಬ ಈ ತಿಳಿವಳಿಕೆಯಲ್ಲಿ ತಪ್ಪೇನಿಲ್ಲ. ಆದರೆ ಈ ಎರಡು ತುದಿಗಳ ನಡುವೆ ಒಂದು ಅವಧಿಯಿದೆ, ಆಗ ಕೂಸು ಬದುಕಿದ್ದೂ ಕಷ್ಟದಲ್ಲಿರುತ್ತದೆ, ಆ ಕಷ್ಟವನ್ನು ಅದರ ಚಲನೆಯೇ ಹೇಳುತ್ತದೆ ಎಂಬುದು ವೈದ್ಯಶಾಸ್ತ್ರಕ್ಕೆ ಸ್ಪಷ್ಟವಾಗಿ ಗೊತ್ತಾಗಿ ಸುಮಾರು ಐವತ್ತು ವರ್ಷವಷ್ಟೇ. ಗೊತ್ತಾದದ್ದನ್ನು ನಾವು ಒಂದು ಸಂಖ್ಯೆಗೆ ಇಳಿಸಿಬಿಟ್ಟೆವು. ಗಮನಿಸಬೇಕಾದದ್ದು ಆ ಸಂಖ್ಯೆಯನ್ನಲ್ಲ, ಬದಲಾವಣೆಯನ್ನು ಎಂಬುದು ನನ್ನ ವಾದ.

ಇಷ್ಟು ತಡವಾಗಲು ಒಂದು ಕಾರಣವಿದೆ. 1821ರಲ್ಲಿ ಪ್ಯಾರಿಸಿನ ಕೆರ್ಗರಾಡೆಕ್ ಎಂಬ ವೈದ್ಯ ಸ್ಟೆತಾಸ್ಕೋಪಿನಿಂದ ಗರ್ಭದ ಶಿಶುವಿನ ಹೃದಯಬಡಿತ ಕೇಳಬಹುದೆಂದು ವರದಿ ಮಾಡಿದ. ಅಲ್ಲಿಂದ ಮುಂದೆ ವೈದ್ಯರ ಕಿವಿಗೆ ಕೇಳುವುದು ಸಾಕ್ಷ್ಯವಾಯಿತು, ತಾಯಿಗೆ ಅನಿಸುವುದು ಬರೀ ಅನಿಸಿಕೆಯಾಯಿತು. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಅಲ್ಟ್ರಾಸೌಂಡ್ ಚಿತ್ರಗಳನ್ನು ಪ್ರಕಟಿಸಿದ ಮೇಲಂತೂ ತಾಯಿಯನ್ನು ಕೇಳುವ ಅಗತ್ಯ ಇನ್ನಷ್ಟು ಕಡಿಮೆಯಾದಂತೆ ಕಂಡಿತು. ತಾಯಿಯ ಮಾತನ್ನು ಮತ್ತೆ ಸಾಕ್ಷ್ಯದ ಸ್ಥಾನಕ್ಕೆ ತಂದವರಲ್ಲಿ ಇಸ್ರೇಲಿನ ಸಡೋವ್ಸ್ಕಿ ಮುಖ್ಯರು. ದಿನವೂ ಅಲುಗಾಟ ಬರೆದಿಡುವಂತೆ ಗರ್ಭಿಣಿಯರಿಗೆ ಹೇಳಿ, ಸಿಕ್ಕಿದ್ದನ್ನು 1973ರಲ್ಲಿ ಸಹೋದ್ಯೋಗಿಯೊಂದಿಗೆ ಪ್ರಕಟಿಸಿದರು. ಅಪಾಯಕ್ಕೊಳಗಾದ ಶಿಶುಗಳಲ್ಲಿ ಚಲನೆ ಮೊದಲು ತೀರಾ ಕುಗ್ಗುತ್ತಿತ್ತು, ಆಮೇಲೆ ನಿಲ್ಲುತ್ತಿತ್ತು. ನಿಂತ ಮೇಲೂ ಹೃದಯ ಸ್ವಲ್ಪ ಕಾಲ ಬಡಿಯುತ್ತಿತ್ತು. ಇದರ ಹಿಂದಿನ ಕ್ರಿಯೆ ಸರಳ. ಮಾಸು ಸರಿಯಾಗಿ ಕೆಲಸ ಮಾಡದೆ ಆಮ್ಲಜನಕ ಸಾಲದಾದಾಗ ಶಿಶು ಕೈಕಾಲಾಡಿಸುವುದನ್ನು ಕಡಿಮೆ ಮಾಡಿ, ಇದ್ದಷ್ಟನ್ನು ಮಿದುಳಿಗೂ ಹೃದಯಕ್ಕೂ ಉಳಿಸಿಕೊಳ್ಳುತ್ತದೆ. ಹಾಗಾಗಿ ಬಡಿತ ಕೇಳಿಸಿತೆಂದ ಮಾತ್ರಕ್ಕೆ ಮಗು ಕ್ಷೇಮವೆಂದಲ್ಲ, ಆ ಗಳಿಗೆಗೆ ಬದುಕಿದೆ ಎಂದಷ್ಟೇ.

ಮೂರು ವರ್ಷದ ನಂತರ, 1976ರಲ್ಲಿ, ಬ್ರಿಟನ್ನಿನ ಕಾರ್ಡಿಫ್‌ನಿಂದ ಪಿಯರ್ಸನ್ ಮತ್ತು ವೀವರ್ ಅವರ ಅಧ್ಯಯನ ಬಂತು. ಹತ್ತರ ಲೆಕ್ಕ ಹುಟ್ಟಿದ್ದು ಅಲ್ಲಿ. ಬೆಳಿಗ್ಗೆ ಒಂಬತ್ತಕ್ಕೆ ಎಣಿಸಲು ತೊಡಗಿ, ಹತ್ತನೆಯ ಅಲುಗಾಟ ಎಷ್ಟು ಹೊತ್ತಿಗೆ ಆಯಿತೆಂದು ಚಾರ್ಟಿನಲ್ಲಿ ಗುರುತಿಸುವುದು. ಹನ್ನೆರಡು ಗಂಟೆಯೊಳಗೆ ಹತ್ತು ತುಂಬದಿದ್ದರೆ ವೈದ್ಯರಿಗೆ ತಿಳಿಸುವುದು. ಈ ಹತ್ತು ಎಲ್ಲಿಂದ ಬಂತೆಂದು ನೋಡಬೇಕು. ಹೆರಿಗೆ ಸುಸೂತ್ರವಾಗಿ ಆದ 61 ಗರ್ಭಿಣಿಯರ ಲೆಕ್ಕಗಳಲ್ಲಿ ಶೇ 2.5ರಷ್ಟು ಮಾತ್ರ ಹತ್ತಕ್ಕಿಂತ ಕೆಳಗಿದ್ದವು. ಅಂದರೆ ಹತ್ತು ಎಂಬುದು ಆರೋಗ್ಯದ ಅಳತೆಯಲ್ಲ, ಒಂದು ಸಣ್ಣ ಗುಂಪಿನ ಕಟ್ಟಕಡೆಯ ಅಂಚು. ದಿನಕ್ಕೆ ನೂರು ಸಲ ಅಲುಗಾಡುವ ಕೂಸು ಇಪ್ಪತ್ತಕ್ಕೆ ಇಳಿದರೂ ಚಾರ್ಟಿನ ಪ್ರಕಾರ ಎಲ್ಲ ಸರಿಯಾಗಿದೆ! ನಮ್ಮಲ್ಲಿ ಪಠ್ಯಪುಸ್ತಕಗಳ ಮೂಲಕ ರೂಢಿಗೆ ಬಂದ, ಮೂರು ಹೊತ್ತು ಒಂದೊಂದು ಗಂಟೆ ಎಣಿಸುವ ಕ್ರಮವೂ ಇದೇ ಹತ್ತರ ಸುತ್ತ ಕಟ್ಟಿದ್ದು. ಎಣಿಸಬಾರದೆಂದು ನಾನು ಹೇಳುತ್ತಿಲ್ಲ. ಎಣಿಕೆಯ ನೆಪದಲ್ಲಾದರೂ ತಾಯಿ ಗಮನ ಕೊಡುತ್ತಾಳೆ. ಹತ್ತು ತುಂಬಿತೆಂಬ ಸಮಾಧಾನ ಆ ಗಮನವನ್ನೇ ಮಂಕಾಗಿಸಿದಾಗ ತೊಂದರೆ.

ಇಲ್ಲಿ ಗಟ್ಟಿಯಾದ ಆಕ್ಷೇಪವೊಂದಿದೆ. 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ, ಸುಮಾರು 68,000 ಗರ್ಭಿಣಿಯರ ಪ್ರಯೋಗದಲ್ಲಿ ದಿನವೂ ಎಣಿಸಿದ ಗುಂಪಿಗೂ ಉಳಿದವರಿಗೂ ಗರ್ಭದಲ್ಲಿನ ಸಾವುಗಳಲ್ಲಿ ವ್ಯತ್ಯಾಸ ಕಾಣಲಿಲ್ಲ. 2018ರಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ 33 ಆಸ್ಪತ್ರೆಗಳ, ನಾಲ್ಕು ಲಕ್ಷಕ್ಕೂ ಹೆಚ್ಚು ಗರ್ಭಧಾರಣೆಗಳ ಪ್ರಯೋಗವೂ ಪ್ರಕಟವಾಯಿತು. ಜಾಗೃತಿ ಮೂಡಿಸಿ ಆಸ್ಪತ್ರೆಗಳಿಗೆ ಒಂದೇ ಕ್ರಮ ಹಾಕಿಕೊಟ್ಟ ಮೇಲೆ ಸಾವಿರಕ್ಕೆ 4.40 ಇದ್ದ ಸಾವು 4.06ಕ್ಕೆ ಇಳಿಯಿತು, ಆದರೆ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಆ ಇಳಿಕೆ ಆಕಸ್ಮಿಕವಲ್ಲವೆಂದು ಹೇಳುವಂತಿರಲಿಲ್ಲ. ಸಿಸೇರಿಯನ್ ಮತ್ತು ನೋವು ಬರಿಸಿ ಮಾಡಿಸುವ ಹೆರಿಗೆಗಳು ಮಾತ್ರ ಹೆಚ್ಚಿದವು. ಹಾಗಿದ್ದರೆ ಬಸುರಿಯರಲ್ಲಿ ಸುಮ್ಮನೆ ಆತಂಕ ಹುಟ್ಟಿಸುವುದೇಕೆ? ನ್ಯಾಯವಾದ ಪ್ರಶ್ನೆ. ಆದರೆ 1989ರ ವರದಿಯನ್ನು ಪೂರ್ತಿ ಓದಿದರೆ ಇನ್ನೊಂದು ಸಂಗತಿ ಸಿಗುತ್ತದೆ: ಎಣಿಕೆಯಿದ್ದರೂ ಸತ್ತ ಶಿಶುಗಳಲ್ಲಿ ಹೆಚ್ಚಿನವು, ತಾಯಿಗೆ ವೈದ್ಯರು ಸಿಗುವ ಹೊತ್ತಿಗಾಗಲೇ ತೀರಿಹೋಗಿದ್ದವು. ಹಾಗಾದರೆ ನಾವು ಕೇಳಬೇಕಾದದ್ದು ಎಣಿಕೆಯಿಂದ ಚಿಕಿತ್ಸೆಯವರೆಗಿನ ಹೊತ್ತಿನ ಬಗ್ಗೆ. ನಾರ್ವೆಯ 14 ಆಸ್ಪತ್ರೆಗಳು ಆ ಹೊತ್ತನ್ನೇ ಕಿರಿದು ಮಾಡಲು ನೋಡಿದವು. ಗರ್ಭಿಣಿಯರಿಗೆ ಲಿಖಿತ ಮಾಹಿತಿ ಕೊಟ್ಟು, ಬಂದವರನ್ನು ಹೇಗೆ ಪರೀಕ್ಷಿಸಬೇಕೆಂದು ಸಿಬ್ಬಂದಿಗೂ ಸ್ಪಷ್ಟ ಸೂಚನೆ ಕೊಟ್ಟವು. ಚಲನೆ ಕಡಿಮೆಯಾಗಿದೆ ಎಂದು ಬಂದವರಲ್ಲಿ ಮಗು ಸಾಯುವ ಪ್ರಮಾಣ ಶೇ 4.2ರಿಂದ 2.4ಕ್ಕೆ ಇಳಿದುದಾಗಿ 2009ರ ವರದಿ ಹೇಳಿತು. ಅದು ಮುಂಚಿನ, ನಂತರದ ಸ್ಥಿತಿಗಳ ಹೋಲಿಕೆಯಷ್ಟೇ, ಮೇಲಿನ ಎರಡು ಪ್ರಯೋಗಗಳಷ್ಟು ಬಿಗಿಯಾದ ಪುರಾವೆಯಲ್ಲ. ಆದರೂ ತಾಯಿಯ ಅರಿವಿಗೆ ಬೆಲೆ ಬರುವುದು ಆಸ್ಪತ್ರೆ ಅದಕ್ಕೆ ಓಗೊಟ್ಟಾಗ ಎಂಬ ದಿಕ್ಕನ್ನು ಅದು ತೋರಿಸುತ್ತದೆ.

ಕರ್ನಾಟಕದಲ್ಲಿ ಈ ವಿಷಯಕ್ಕೆ ಇನ್ನೊಂದು ಮುಖವಿದೆ. ಸೀಮಂತ ಮುಗಿಸಿ ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ವಾಡಿಕೆ. ಹಾಗೆ ಹೋಗುವುದು ಏಳನೇ ತಿಂಗಳ ಆಚೀಚೆ, ಅಂದರೆ ಚಲನೆಗೆ ತನ್ನದೇ ಒಂದು ಕ್ರಮ ಬಂದಿರುವ ಹೊತ್ತಿಗೆ. ಹಳೆಯ ವೈದ್ಯರು ಅಲ್ಲೇ ಉಳಿಯುತ್ತಾರೆ, ಆಶಾ ಕಾರ್ಯಕರ್ತೆಯೂ ಬದಲಾಗುತ್ತಾಳೆ, ಜೊತೆಗೆ ಬರುವುದು ತಾಯಿ ಕಾರ್ಡ್ ಮಾತ್ರ. ಮಗು ರಾತ್ರಿ ಊಟದ ನಂತರ ಹೆಚ್ಚು ಅಲುಗಾಡುತ್ತದೆಯೇ, ಮಧ್ಯಾಹ್ನ ನಿದ್ದೆ ಹೋಗುತ್ತದೆಯೇ ಎಂಬುದು ಆ ಕಾರ್ಡಿನಲ್ಲಿರುವುದಿಲ್ಲ, ಅವಳಿಗೊಬ್ಬಳಿಗೇ ಗೊತ್ತು. ದಿನ ತುಂಬುತ್ತಾ ಬಂದಂತೆ ಜಾಗ ಸಾಲದೆ ಮಗು ಸುಮ್ಮನಾಗುತ್ತದೆ ಎಂದು ಮನೆಯ ಹಿರಿಯರು ಪ್ರೀತಿಯಿಂದಲೇ ಧೈರ್ಯ ಹೇಳುತ್ತಾರೆ. ಆ ಮಾತು ನಿಜವಲ್ಲ. ಸುಮಾರು 32 ವಾರದವರೆಗೆ ಹೆಚ್ಚುವ ಅಲುಗಾಟ ಆಮೇಲೆ ಹೆರಿಗೆಯವರೆಗೂ ಅದೇ ಮಟ್ಟದಲ್ಲಿರುತ್ತದೆ. ಒದೆತ ಹೊರಳಾಟವಾಗಬಹುದು, ಅಲುಗಾಟ ಕಡಿಮೆಯಾಗಬಾರದು. ಶಿಶು ಒಮ್ಮೆಗೆ ನಿದ್ರಿಸುವುದು ಸಾಮಾನ್ಯವಾಗಿ 20ರಿಂದ 40 ನಿಮಿಷ, ಒಂದೂವರೆ ಗಂಟೆ ಮೀರುವುದು ಅಪರೂಪ.

ಹಾಗಾಗಿ ಏಳನೇ ತಿಂಗಳು ದಾಟಿದ ಬಸುರಿ ಮನೆಯಲ್ಲಿದ್ದರೆ, ಇವತ್ತು ಎಷ್ಟು ಸಲ ಅಲುಗಾಡಿತು ಎಂದು ಕೇಳಬೇಡಿ, ಎಂದಿನಂತೆ ಅಲುಗಾಡುತ್ತಿದೆಯೇ ಎಂದು ಕೇಳಿ. ಕಡಿಮೆ ಅನಿಸುತ್ತಿದೆ ಎಂದರೆ ಸಿಹಿ ತಿನ್ನಿಸಿ, ತಣ್ಣೀರು ಕುಡಿಸಿ, ನಾಳೆ ನೋಡೋಣ ಎನ್ನಬೇಡಿ. ಎರಡನೆಯ ಸಲ, ಮೂರನೆಯ ಸಲ ಹೇಳಿದರೂ ಬೇಸರಿಸದೆ ಆಗಿಂದಾಗಲೇ, ರಾತ್ರಿಯಾಗಿದ್ದರೂ ಸರಿ, ಹೆರಿಗೆ ಆಸ್ಪತ್ರೆಗೆ ಕರೆದೊಯ್ಯಿರಿ. ವಾಹನವಿಲ್ಲದಿದ್ದರೆ 108ಕ್ಕೆ ಕರೆ ಮಾಡಿ.