ಬೆನ್ನೆಲುಬಿನ ವಿರಳ ಗಡ್ಡೆಗೆ ಪ್ರೋಟಾನ್ ಕಿರಣಚಿಕಿತ್ಸೆ

ಭ್ರೂಣಾವಸ್ಥೆಯಲ್ಲಿ ಬೆನ್ನೆಲುಬು ರೂಪುಗೊಳ್ಳುವುದಕ್ಕೆ ಮೊದಲು ಅದರ ಸ್ಥಾನದಲ್ಲಿ ನೋಟೋಕಾರ್ಡ್ ಎಂಬ ಮೃದುವಾದ ದಂಡವೊಂದಿರುತ್ತದೆ. ಬೆನ್ನೆಲುಬು ಬಲಿತಂತೆ ಅದು ಲಯವಾಗುವುದು ಸಹಜ. ಆದರೆ ತಲೆಬುರುಡೆಯ ತಳದಲ್ಲಿಯೂ ಸೊಂಟದ ಕೆಳಗಿನ ತ್ರಿಕಾಸ್ಥಿಯಲ್ಲಿಯೂ ಅದರ ಕೆಲವು ಜೀವಕೋಶಗಳು ಉಳಿದುಬಿಡುವುದುಂಟು. ಇಂಥ ಶೇಷದಿಂದ ಹುಟ್ಟುವ ಅರ್ಬುದಕ್ಕೆ ಕಾರ್ಡೋಮ ಎಂದು ಹೆಸರು. ತಂತಿ ಎಂಬರ್ಥದ ಗ್ರೀಕ್ ಶಬ್ದವೇ ಇದಕ್ಕೆ ಮೂಲ. ಹೃದಯವಾಚಕವಾದ ಶಬ್ದದೊಡನೆ ಇದನ್ನು ಬೆರೆಸಬಾರದು. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವ ರೋಗವಿದು.

ಆನೇಕಲ್ ತಾಲ್ಲೂಕಿನಂಥ ಕಡೆ ಇದನ್ನು ಗುರುತಿಸುವುದೇ ಮೊದಲ ಕಷ್ಟ. ಬೊಮ್ಮಸಂದ್ರ, ಜಿಗಣಿ, ಅತ್ತಿಬೆಲೆಗಳ ಕಾರ್ಖಾನೆಗಳಲ್ಲಿ ದಿನವಿಡೀ ನಿಂತು ದುಡಿಯುವವರಿಗೆ ಸೊಂಟನೋವು ಹೊಸದಲ್ಲ. ತ್ರಿಕಾಸ್ಥಿಯ ಗಡ್ಡೆಯೂ ಮೊದಲು ಸೊಂಟನೋವಾಗಿಯೇ ತೋರುವುದರಿಂದ ಅದು ದುಡಿಮೆಯ ಲೆಕ್ಕಕ್ಕೆ ಸೇರಿಹೋಗುತ್ತದೆ. ಕುಳಿತಾಗ ಹೆಚ್ಚುವ ನೋವು, ಆಸನಭಾಗದ ಜೋಮು, ಮಲಮೂತ್ರಗಳ ತೊಡಕು ಇವು ಕೂಡಿದಾಗಲಾದರೂ ಎಂ.ಆರ್.ಐ. ಚಿತ್ರ ತೆಗೆಸಬೇಕು.

ಶಸ್ತ್ರಕ್ರಿಯೆಯಿಂದ ಗಡ್ಡೆಯನ್ನು ಇಡಿಯಾಗಿ ತೆಗೆಯುವುದೇ ಉತ್ತಮ ಚಿಕಿತ್ಸೆ. ನರಗಳು ಹೆಣೆದುಕೊಂಡಿರುವ ಸ್ಥಳವಾದುದರಿಂದ ಇದು ಅನೇಕ ವೇಳೆ ಕೈಗೂಡದು. ಉಳಿದುದನ್ನು ಕಿರಣಗಳಿಂದ ಸುಡಬೇಕಷ್ಟೆ. ಆದರೆ ಕಾರ್ಡೋಮ ಹಟಮಾರಿ. ಅದನ್ನು ಹತ್ತಿಕ್ಕಲು 70 ಗ್ರೇ ಅಥವಾ ಅದಕ್ಕೂ ಹೆಚ್ಚಿನ ಪ್ರಮಾಣ ಬೇಕು. ಕೆಲವೇ ಮಿಲಿಮೀಟರುಗಳಾಚೆ ಇರಬಹುದಾದ ಬೆನ್ನುಹುರಿಯು ಕ್ಷೇಮವಾಗಿ ತಾಳುವುದು ಸುಮಾರು 50 ಗ್ರೇ ಮಾತ್ರ. ಮೀರಿದರೆ ಪಾರ್ಶ್ವವಾಯುವಿನಂಥ ಊನ ಒದಗಬಹುದು.

ಕ್ಷ-ಕಿರಣವು ದೇಹವನ್ನು ಹೊಕ್ಕು, ಗುರಿಯನ್ನು ದಾಟಿ, ಮತ್ತೊಂದು ಕಡೆಯಿಂದ ಹೊರಬೀಳುತ್ತದೆ. ದಾರಿಯುದ್ದಕ್ಕೂ ತನ್ನ ಶಕ್ತಿಯನ್ನು ಚೆಲ್ಲುತ್ತದೆ. ಪ್ರೋಟಾನಿನ ನಡತೆ ಬೇರೆ. ಅವಸರದಿಂದ ಓಡುವವನು ದಾರಿಯಲ್ಲಿ ಸಿಕ್ಕವರೊಡನೆ ಮಾತನಾಡಲಾರನು. ನಡಿಗೆ ನಿಧಾನವಾದಂತೆ ಮಾತು ಹೆಚ್ಚುತ್ತದೆ. ಹಾಗೆಯೇ ಪ್ರೋಟಾನ್ ವೇಗವಾಗಿರುವಾಗ ಅಲ್ಪ ಶಕ್ತಿಯನ್ನೂ, ನಿಲ್ಲುವ ಹೊತ್ತಿಗೆ ಅತಿಶಯ ಶಕ್ತಿಯನ್ನೂ ಸುತ್ತಣ ಪರಮಾಣುಗಳಿಗೆ ಕೊಟ್ಟು, ಅಲ್ಲಿಯೇ ತಂಗುತ್ತದೆ. ಅದರಾಚೆಗೆ ಬಹುಮಟ್ಟಿಗೆ ಏನೂ ತಲುಪದು. 150 ದಶಲಕ್ಷ ಎಲೆಕ್ಟ್ರಾನ್ ವೋಲ್ಟಿನ ಪ್ರೋಟಾನ್ ನೀರಿನಲ್ಲಿ ಸುಮಾರು 16 ಸೆಂಟಿಮೀಟರ್ ಸಾಗಿ ನಿಲ್ಲುತ್ತದೆ. ಶಕ್ತಿಯನ್ನು ಹೆಚ್ಚುಕಡಿಮೆ ಮಾಡಿ, ನಿಲುಗಡೆಗಳನ್ನು ಗಡ್ಡೆಯ ಆಳದುದ್ದಕ್ಕೂ ಹರಡಬಹುದು. ಹೀಗೆ ಇದರ ಗುಣವಿರುವುದು ಉಗ್ರತೆಯಲ್ಲಲ್ಲ, ನಿಲುವಿನಲ್ಲಿ.

ಈ ಸ್ವಭಾವವನ್ನು ವಿಲಿಯಂ ಬ್ರಾಗ್ ಅವರು 1904ರ ಸುಮಾರಿಗೆ ಆಲ್ಫಾ ಕಣಗಳಲ್ಲಿ ಕಂಡರು. ವೈದ್ಯಕ್ಕೆ ಬಳಸಬಹುದೆಂದು 1946ರಲ್ಲಿ ಸೂಚಿಸಿದವರು ರಾಬರ್ಟ್ ವಿಲ್ಸನ್. 1954ರಲ್ಲಿ ಬರ್ಕ್ಲಿಯಲ್ಲಿ ಮೊದಲ ರೋಗಿಗೆ ಚಿಕಿತ್ಸೆಯಾಯಿತು. ಭಾರತದಲ್ಲಿ ಮೊದಲ ಪ್ರೋಟಾನ್ ಕೇಂದ್ರ ಚೆನ್ನೈಯ ಅಪೋಲೊ ಸಂಸ್ಥೆಯದು. ಅದು ಉದ್ಘಾಟನೆಯಾದುದು 2019ರ ಜನವರಿಯಲ್ಲಿ. ನವಿ ಮುಂಬಯಿಯ ಖಾರ್ಘರ್‌ನಲ್ಲಿ ಟಾಟಾ ಸ್ಮಾರಕ ಕೇಂದ್ರವು 2023ರಲ್ಲಿ ಈ ಚಿಕಿತ್ಸೆಯನ್ನು ಆರಂಭಿಸಿತು.

ರೋಗವು ವಿರಳವಾದುದರಿಂದ ಎರಡು ಚಿಕಿತ್ಸೆಗಳನ್ನು ದೊಡ್ಡ ಪ್ರಮಾಣದಲ್ಲಿ ತೂಗಿನೋಡುವುದು ಕಠಿಣ. ಇಂದಿನ ಸೂಕ್ಷ್ಮ ಕ್ಷ-ಕಿರಣ ವಿಧಾನಗಳನ್ನು ಹಳಿಯುವುದೂ ಸಲ್ಲದು. ಪ್ರೋಟಾನಿನ ನಿಲುಗಡೆಯಲ್ಲಿ ಕೆಲವು ಮಿಲಿಮೀಟರುಗಳ ಸಂದೇಹವೂ ಉಳಿದಿದೆ. ಆನೇಕಲ್ಲಿನಿಂದ ಹೊಸೂರಿನ ಹೆದ್ದಾರಿ ಹಿಡಿದು ಚೆನ್ನೈಗೆ ಹೋಗುವ ರೋಗಿ ವಾರಕ್ಕೆ ಐದು ದಿನದಂತೆ ಏಳೆಂಟು ವಾರ ಅಲ್ಲಿಯೇ ತಂಗಬೇಕಾಗಬಹುದು. ಚಿಕಿತ್ಸೆಯ ವೆಚ್ಚಕ್ಕೆ ಕೂಲಿಯ ನಷ್ಟವೂ ಸೇರುತ್ತದೆ.

ಮತ್ತೊಂದು ತೊಡಕುಂಟು. ಗಡ್ಡೆ ತೆಗೆದ ಮೇಲೆ ಬೆನ್ನೆಲುಬಿಗೆ ಆಸರೆಯಾಗಿ ಕೂರಿಸುವ ಟೈಟೇನಿಯಂ ಸರಳುಗಳು ಪ್ರೋಟಾನಿನ ನಿಲುಗಡೆಯ ಲೆಕ್ಕವನ್ನು ಕೆಡಿಸುತ್ತವೆ. ಇಂಗಾಲದ ಎಳೆಗಳ ಸರಳುಗಳಿಂದ ಈ ತೊಂದರೆ ಕಡಮೆ. ಆದುದರಿಂದ ಶಸ್ತ್ರವೈದ್ಯರು ಕತ್ತಿ ಹಿಡಿಯುವ ಮೊದಲೇ ರೋಗಿಯ ಚಿತ್ರಗಳು ಚೆನ್ನೈಯ ಕಿರಣವೈದ್ಯರ ಕೈಸೇರುವುದು ಲೇಸು.